ಸಜ್ಜಿ ಹಿಟ್ಟು ಕಹಿಯಾಗುವುದಕ್ಕೂ ಹೃದಯದ ನಾಳಕ್ಕೂ ಏನು ಸಂಬಂಧ?

ವಿಜಯಪುರದ ಕಡೆ ಸಜ್ಜಿ ಹಿಟ್ಟನ್ನು ತಿಂಗಳಿಗಾಗುವಷ್ಟು ಒಮ್ಮೆಲೇ ಬೀಸಿ ತರುವವರಿಲ್ಲ. ಜೋಳದ ಹಿಟ್ಟು ತಡೆಯುತ್ತದೆ, ಸಜ್ಜಿ ತಡೆಯುವುದಿಲ್ಲ. ಕೆಲವೇ ದಿನಕ್ಕೆ ರೊಟ್ಟಿ ನಾಲಿಗೆಗೆ ಕಹಿ ಹತ್ತುತ್ತದೆ. ಅಗಸಿಯದೂ ಇದೇ ಗುಣ. ಇಡೀ ಕಾಳು ಡಬ್ಬಿಯಲ್ಲಿ ಎಷ್ಟು ದಿನವಾದರೂ ಕೂತಿರುತ್ತದೆ. ಹುರಿದು ಕುಟ್ಟಿ ಹಿಂಡಿ ಮಾಡಿದಿರೋ, ಅದರ ಆಯುಷ್ಯದ ಎಣಿಕೆ ಶುರು. ನಮ್ಮವ್ವ ಇದಕ್ಕೆ ಕೊಡುತ್ತಿದ್ದ ಕಾರಣ ಒಂದೇ: "ಎಣ್ಣಿ ಅಂಶ ಭಾಳ ಅದ, ಗಾಳಿ ತಾಕಬಾರ್ದು." ರಸಾಯನಶಾಸ್ತ್ರದ ಮಾಸ್ತರನಾದ ಮೇಲೆ ಅದೇ ಮಾತನ್ನು ನಾನು ಬೋರ್ಡಿನ ಮೇಲೆ ಅರ್ಧ ತಾಸು ಬರೆದು ಹೇಳುತ್ತೇನೆ.

ಆ ಎಣ್ಣೆ ಅಂಶ, ಆ ಗಾಳಿ, ಎಣ್ಣೆ ಹೀಗೆ ಕೆಟ್ಟು ಹುಟ್ಟುವ ಆ ಕಮಟು, ಇವಿಷ್ಟೂ ನಮ್ಮ ರಕ್ತನಾಳದ ಗೋಡೆಯಲ್ಲೂ ಇವೆ. ಈ ವಿಷಯ ಬರೆಯಬೇಕೆನಿಸಿದ್ದು ನಮ್ಮ ಓಣಿಯ ಕಾಕಾ ಒಬ್ಬರಿಂದ. ಅರವತ್ತರ ಆಸುಪಾಸು, ಎರಡು ವರ್ಷದ ಹಿಂದೆ ಎದೆನೋವು ಬಂದು ಸ್ಟೆಂಟ್ ಹಾಕಿಸಿಕೊಂಡವರು. ಒಂದು ಸಂಜೆ ಕೈಯಲ್ಲಿ ಬಾಟಲಿ ಹಿಡಿದು ಬಂದರು. ಹಸಿರು ಲೇಬಲ್ಲು, ದ್ರಾಕ್ಷಿ ಗೊಂಚಲಿನ ಚಿತ್ರ, 'ಆ್ಯಂಟಿ ಆಕ್ಸಿಡೆಂಟ್' ಎಂದು ದಪ್ಪಕ್ಷರ. ತಿಂಗಳಿಗೆ ಸಾವಿರದ ಹತ್ತಿರ ಬೆಲೆ.

"ಸರ, ನೀವು ಕೆಮಿಸ್ಟ್ರಿ ಕಲಸವ್ರು. ಈ ಗುಳಿಗಿ ಖರೇನ ಕೆಲಸ ಮಾಡ್ತಾವೇನ್ರಿ? ನಾಳದಾಗಿನ ಹೊಲಸ ತಗೀತಾವಂತ."

ಕೇಳುವಾಗ ಅವರ ಕೆಳದುಟಿಯ ಹಿಂದೆ ತಂಬಾಕಿನ ಉಂಡಿ ಇತ್ತು.

ಕಾಕಾ ಒಬ್ಬರದೇ ಕಥೆಯಲ್ಲ ಇದು. 2025ರ ಜೂನ್, ಜುಲೈನಲ್ಲಿ ಹಾಸನದಿಂದ ಸಾಲುಸಾಲಾಗಿ ಹೃದಯಾಘಾತದ ಸುದ್ದಿ ಬಂದಾಗ ಇಲ್ಲಿಯೂ ಜನ ಬೆಚ್ಚಿದರು. ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಜನ ಮುಗಿಬಿದ್ದರು. ಕೋವಿಡ್ ಲಸಿಕೆಯೇ ಕಾರಣ ಎಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹಾರಿತು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಅಂಥ ನಂಟು ಕಾಣಲಿಲ್ಲ ಎಂದಿತು. ವರದಿ ಬಂತು, ಭಯ ಹೋಗಲಿಲ್ಲ. ಹಾಗೆ ನೋಡಿದರೆ ಭಯಕ್ಕೆ ಕಾರಣವೂ ಇದೆ: 1990ರಲ್ಲಿ ಭಾರತದ ಒಟ್ಟು ಸಾವುಗಳಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಗಳ ಪಾಲು ಶೇ 15ರಷ್ಟಿತ್ತು, 2016ಕ್ಕೆ ಶೇ 28 ದಾಟಿತು. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೇ ವಯಸ್ಸಿಗೆ ಬರುತ್ತದೆ, ಉಳಿದ ದೇಶಗಳವರಿಗಿಂತ ಹೆಚ್ಚುಕಡಿಮೆ ಆರು ವರ್ಷ ಮೊದಲು. ಇಂಥ ಹೊತ್ತಿನಲ್ಲಿ ಬಾಟಲಿ ಮಾರುವವರಿಗೆ ಗಿರಾಕಿ ಹುಡುಕುವ ಕಷ್ಟವಿಲ್ಲ. ಅವರು ಹೇಳುವುದರಲ್ಲಿ ಅರ್ಧ ನಿಜವೂ ಇದೆ. ತೊಡಕಿರುವುದು ಆ ಅರ್ಧದಲ್ಲೇ.

ಮೊದಲು ಹೆಸರಿನ ಗೊಂದಲ ತೀರಲಿ. ಆಕ್ಸಿಡೇಟಿವ್ ಸ್ಟ್ರೆಸ್ ಎಂದೊಡನೆ ಸೊಸೈಟಿ ಸಾಲ, ಮಗಳ ಮದುವೆ, ಆಫೀಸಿನ ಟೆನ್ಶನ್ ನೆನಪಾಗುತ್ತವೆ. ಅದಲ್ಲ ಇದು. ಇಲ್ಲಿನ ಆಕ್ಸಿಡೇಶನ್ ಎಂದರೆ ಶಾಲೆಯ ಪುಸ್ತಕದಲ್ಲಿ ಉತ್ಕರ್ಷಣೆ ಎಂದಿರುವ ಕ್ರಿಯೆ, ಅಂದರೆ ಒಂದು ಅಣುವಿನ ಇಲೆಕ್ಟ್ರಾನನ್ನು ಇನ್ನೊಂದು ಕಿತ್ತುಕೊಳ್ಳುವುದು. ನಾವು ಉಸಿರಾಡಿದ ಆಮ್ಲಜನಕ ಜೀವಕೋಶದ ಮೈಟೊಕಾಂಡ್ರಿಯಾದಲ್ಲಿ ಇಲೆಕ್ಟ್ರಾನ್ ಪಡೆದು ನೀರಾಗಬೇಕು. ಆಗಲೇ ಶಕ್ತಿ ಹುಟ್ಟುತ್ತದೆ. ದಾರಿಯಲ್ಲಿ ಅಷ್ಟಿಷ್ಟು ಸೋರಿಕೆ ಇದ್ದೇ ಇದೆ. ಅರ್ಧಂಬರ್ಧ ಇಲೆಕ್ಟ್ರಾನ್ ಸಿಕ್ಕ ಆಮ್ಲಜನಕ ಸೂಪರಾಕ್ಸೈಡ್ ಆಗುತ್ತದೆ. ಕೊರತೆ ತುಂಬಿಕೊಳ್ಳಲು ಪಕ್ಕದ ಅಣುವಿಗೆ ಕೈಹಾಕುತ್ತದೆ. ಫ್ರೀ ರ‍್ಯಾಡಿಕಲ್ ಎಂದು ಕರೆಯುವುದು ಇಂಥವನ್ನೇ. ದೇಹಕ್ಕೆ ಇದು ಹೊಸ ಶತ್ರುವಲ್ಲ, ಕಾವಲೂ ಇದೆ. ಸೂಪರಾಕ್ಸೈಡನ್ನು ಪಳಗಿಸುವ ಎಸ್‌ಒಡಿ ಎಂಬ ಕಿಣ್ವವನ್ನು ಅಮೆರಿಕದ ಮೆಕಾರ್ಡ್ ಮತ್ತು ಫ್ರಿಡೋವಿಚ್ 1969ರಲ್ಲಿ ಗುರುತಿಸಿದರು. ಅದರ ಜೊತೆ ಕೆಟಲೇಸ್, ಗ್ಲೂಟಥಯೋನ್ ದುಡಿಯುತ್ತವೆ. ಫ್ರೀ ರ‍್ಯಾಡಿಕಲ್ ಎಂಬ ಈ ಕಿಡಿಗಳಿಗೂ ಅವನ್ನು ಆರಿಸುವ ಕೈಗಳಿಗೂ ನಡುವಿನ ತಕ್ಕಡಿ ಕಿಡಿಯ ಕಡೆಗೆ ವಾಲಿದ ಸ್ಥಿತಿಗೆ ಜರ್ಮನಿಯ ಹೆಲ್ಮುಟ್ ಸೀಸ್ 1985ರಲ್ಲಿ ಆಕ್ಸಿಡೇಟಿವ್ ಸ್ಟ್ರೆಸ್ ಎಂಬ ವ್ಯಾಖ್ಯೆ ಕೊಟ್ಟರು.

ಇದನ್ನು ತುಕ್ಕಿಗೆ ಹೋಲಿಸುವುದು ವಾಡಿಕೆ. ನಮ್ಮೂರಿನಲ್ಲಿ ಆ ಹೋಲಿಕೆಗೆ ಸಾಮಾನೂ ಸಿದ್ಧವಿದೆ: ಉಪ್ಪಲಿ ಬುರುಜಿನ ಮೇಲೆ ಮಲಗಿರುವ ಮೂವತ್ತು ಅಡಿಯ ಕಬ್ಬಿಣದ ತೋಪು ಒಂದು ಕಡೆ, ಕಂಚಿನದಾದ್ದರಿಂದ ತುಕ್ಕು ಕಾಣದ ಮಲಿಕ್-ಎ-ಮೈದಾನ ಇನ್ನೊಂದು ಕಡೆ. ನಾನೂ ಕೆಲವು ವರ್ಷ ತರಗತಿಯಲ್ಲಿ ಇದನ್ನೇ ಹೇಳಿದೆ. ಈಗ ಹೇಳುವುದಿಲ್ಲ. ತುಕ್ಕು ಹಿಡಿದ ಕಬ್ಬಿಣದ ಒಂದು ಅಣು ಪಕ್ಕದ ಅಣುವನ್ನು ಕೆರಳಿಸಿ ಕೆಡಿಸುವುದಿಲ್ಲ. ಎಣ್ಣೆ ಕಮಟುವುದು ಹಾಗಲ್ಲ, ಅದು ಸರಪಳಿ. ಕೊಬ್ಬಿನ ಒಂದು ಅಣು ಇಲೆಕ್ಟ್ರಾನ್ ಕಳೆದುಕೊಂಡರೆ ಅದೇ ಪಕ್ಕದ್ದರ ಮೇಲೆ ಬೀಳುತ್ತದೆ, ಅದು ಅದರ ಪಕ್ಕದ್ದರ ಮೇಲೆ. ಕಬ್ಬು ಕಡಿದ ಹೊಲದ ರವದಿಗೆ ಬಿದ್ದ ಕಿಡಿಯಂತೆ. ವಿಟಮಿನ್ 'ಇ' ನಡುವೆ ನಿಂತು ತಾನು ಇಲೆಕ್ಟ್ರಾನ್ ಕೊಟ್ಟು ಸರಪಳಿ ತುಂಡರಿಸುತ್ತದೆ. ಆ್ಯಂಟಿ ಆಕ್ಸಿಡೆಂಟ್ ಎನ್ನುವುದು ಇಂಥದ್ದಕ್ಕೇ. ದಣಿದ ಅದನ್ನು ವಿಟಮಿನ್ 'ಸಿ' ಮತ್ತೆ ಎಬ್ಬಿಸುತ್ತದೆ. ಪುಸ್ತಕದ ಪ್ರಕಾರ ಇಷ್ಟು ಸೊಗಸು. ಗುಳಿಗೆಯ ವ್ಯಾಪಾರ ನಿಂತಿರುವುದೂ ಈ ಸೊಗಸಿನ ಮೇಲೆಯೇ.

ಇನ್ನು ನಾಳದೊಳಗೆ ಹೋಗೋಣ. ಹೃದಯಕ್ಕೆ ರಕ್ತ ಕೊಡುವ ನಾಳದ ಒಳಮೈಗೆ ಒಂದೇ ಕೋಶದಷ್ಟು ತೆಳುವಾದ ಪದರವಿದೆ, ಎಂಡೊಥೀಲಿಯಮ್. ಆ ಪದರ ಕ್ಷಣಕ್ಷಣಕ್ಕೂ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುತ್ತಿರುತ್ತದೆ. ನಾಳವನ್ನು ಸಡಿಲಿಸುವುದು, ರಕ್ತ ಅಂಟದಂತೆ ನೋಡಿಕೊಳ್ಳುವುದು ಅದರ ಕೆಲಸ. ಇಷ್ಟು ಸರಳ ಅನಿಲ ದೇಹದಲ್ಲಿ ಸಂದೇಶ ಒಯ್ಯುತ್ತದೆ ಎಂದು ತೋರಿಸಿದ್ದಕ್ಕೆ 1998ರಲ್ಲಿ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಅವರಿಗೆ ನೊಬೆಲ್ ಬಂತು. ಸೂಪರಾಕ್ಸೈಡ್ ಹೆಚ್ಚಾದರೆ ಮೊದಲು ನುಂಗುವುದು ಈ ನೈಟ್ರಿಕ್ ಆಕ್ಸೈಡನ್ನೇ. ಎರಡೂ ಕೂಡಿ ಪೆರಾಕ್ಸಿನೈಟ್ರೈಟ್ ಎಂಬ ಇನ್ನಷ್ಟು ಖಾರದ ವಸ್ತುವಾಗುತ್ತದೆ. ಹೀಗೆ ಒಂದೇ ಏಟಿಗೆ ನಾಳವನ್ನು ಸಡಿಲಿಸುವುದು ಕಳೆದುಹೋಯಿತು, ಸುಡುವುದು ಹುಟ್ಟಿತು. ಎದೆನೋವು ಬರುವುದಕ್ಕೆ ಎಷ್ಟೋ ವರ್ಷ ಮೊದಲೇ, ಇಸಿಜಿಯಲ್ಲಿ ಏನೂ ಕಾಣದ ದಿನಗಳಲ್ಲೇ, ನಾಳ ಬಿಗಿಯಾಗತೊಡಗುತ್ತದೆ.

ಎರಡನೆಯ ಅಂಕ ಕೊಲೆಸ್ಟ್ರಾಲಿನದು. ರಕ್ತದಲ್ಲಿ ಕೊಲೆಸ್ಟ್ರಾಲ್ ಬಿಡಿಯಾಗಿ ತೇಲುವುದಿಲ್ಲ, ಎಲ್‌ಡಿಎಲ್ ಎಂಬ ಸಣ್ಣ ಉಂಡೆಗಳಲ್ಲಿ ಬಹುಪಾಲು ಸಾಗುತ್ತದೆ. ಒಂದೊಂದು ಉಂಡೆಯಲ್ಲೂ ಬೇಗ ಕಮಟುವ ಜಾತಿಯ ಕೊಬ್ಬು ಹೇರಳ, ಅದನ್ನು ಕಾಯಲು ಇರುವ ವಿಟಮಿನ್ 'ಇ' ಅಣುಗಳು ಆರರಷ್ಟು ಮಾತ್ರ. ಎಲ್‌ಡಿಎಲ್ ಹೆಚ್ಚಿದ್ದಾಗ ಉಂಡೆಗಳು ಒಳಪದರ ದಾಟಿ ಗೋಡೆಯಲ್ಲಿ ಸಿಕ್ಕಿಕೊಳ್ಳುತ್ತವೆ. ರಕ್ತದಲ್ಲಿದ್ದಷ್ಟು ಹೊತ್ತು ರಕ್ಷಣೆ ಇತ್ತು. ಗೋಡೆಯ ಸಂದಿಯಲ್ಲಿ ಅದಿಲ್ಲ, ಅಲ್ಲೇ ಕಮಟುತ್ತವೆ. ಕಮಟಿದ್ದನ್ನು ಕಂಡು ಒಳಪದರ ಕೂಗು ಹಾಕುತ್ತದೆ, ಬಿಳಿ ರಕ್ತಕಣಗಳು ಓಡಿಬರುತ್ತವೆ, ಕಸ ತಿನ್ನುವ ಮ್ಯಾಕ್ರೊಫೇಜ್ ಕೋಶಗಳಾಗುತ್ತವೆ. ಇಲ್ಲೊಂದು ವಿಚಿತ್ರವಿದೆ. ಸಾಮಾನ್ಯ ಎಲ್‌ಡಿಎಲ್ ಒಳಬಿಡುವ ಬಾಗಿಲು ಹೊಟ್ಟೆ ತುಂಬಿದರೆ ತಾನೇ ಮುಚ್ಚಿಕೊಳ್ಳುತ್ತದೆ. ಕೆಟ್ಟ ಎಲ್‌ಡಿಎಲ್ ಒಳಬಿಡುವ ಬಾಗಿಲಿಗೆ ಆ ಚಿಲಕವಿಲ್ಲ. ಗೋಲ್ಡ್‌ಸ್ಟೀನ್ ಮತ್ತು ಬ್ರೌನ್ 1979ರಲ್ಲಿ ವಿವರಿಸಿದ ಈ ಬಾಗಿಲನ್ನು ಸ್ಕ್ಯಾವೆಂಜರ್ ರಿಸೆಪ್ಟರ್ ಎನ್ನುತ್ತಾರೆ. ಪಾಪ, ಕಸ ಗುಡಿಸಲು ಬಂದ ಕೋಶ ತಿಂದೂ ತಿಂದೂ ಉಬ್ಬಿ, ಕೊಬ್ಬಿನ ನೊರೆ ತುಂಬಿಕೊಂಡು ಅಲ್ಲೇ ಸಾಯುತ್ತದೆ. ಅಂಥ ಹೆಣಗಳ ರಾಶಿಯ ಮೇಲೆ ತೆಳ್ಳಗಿನ ಪೊರೆ ಬೆಳೆಯುತ್ತದೆ, ಅದೇ ಪ್ಲಾಕ್. ಪೊರೆ ಗಟ್ಟಿ ಇರುವತನಕ ಮನುಷ್ಯ ಹೊಲಕ್ಕೂ ಹೋಗುತ್ತಾನೆ, ಸಂತೆಗೂ ಹೋಗುತ್ತಾನೆ. ಒಳಗಿನ ಉರಿಯೂತ ಪೊರೆಯನ್ನು ಕೊರೆದು ಅದು ಹರಿದ ದಿನ ರಕ್ತ ಅಲ್ಲಿ ಹೆಪ್ಪುಗಟ್ಟುತ್ತದೆ, ಕೆಲವೇ ನಿಮಿಷಗಳಲ್ಲಿ ನಾಳ ಬಂದ್. "ನಿನ್ನೆ ತನಕ ಆರಾಮಿದ್ದ್ರು" ಎಂದು ಮಣ್ಣಿಗೆ ಹೋಗಿ ಬಂದವರೆಲ್ಲ ಹೇಳುವ ಮಾತಿನ ಹಿಂದೆ ಇರುವುದು ಈ ಹತ್ತಿಪ್ಪತ್ತು ವರ್ಷಗಳ ಲೆಕ್ಕ.

ಕಿಡಿ ಎಲ್ಲಿಂದ ಬರುತ್ತದೆ? ವಿಜಯಪುರ, ಬಾಗಲಕೋಟೆ, ಬೆಳಗಾವಿ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಮೊದಲ ಉತ್ತರ ತಂಬಾಕು. ನಿಪ್ಪಾಣಿಯ ಹೊಲಗಳಿಂದ ಹಿಡಿದು ಪ್ರತಿ ಊರಿನ ಪಾನ್ ಅಂಗಡಿಯವರೆಗೆ ಅದು ದುಡ್ಡೂ ಹೌದು, ಚಟವೂ ಹೌದು. ಸಿಗರೇಟಿನ ಒಂದು ದಮ್ಮಿನ ಹೊಗೆಯಲ್ಲಿ ಒಂದರ ಮುಂದೆ ಹದಿನೈದು ಸೊನ್ನೆ ಹಚ್ಚಿದಷ್ಟು ಫ್ರೀ ರ‍್ಯಾಡಿಕಲ್‌ಗಳಿರುತ್ತವೆ ಎಂದು ಅಳೆದವರಿದ್ದಾರೆ. ಬೀಡಿ, ಸಿಗರೇಟು ಕೆಟ್ಟವೆಂಬುದನ್ನು ಈಗ ಸೇದುವವರೇ ಒಪ್ಪುತ್ತಾರೆ. ಒಪ್ಪದಿರುವುದು ಅಗಿಯುವವರು. ಕಾಕಾನ ಮಾತು ಕೇಳಿ: "ಸೇದೂದು ಬಿಟ್ಟು ಎಷ್ಟೋ ವರ್ಷ ಆತು. ಇದು ಬಾಯಾಗ ಇರ್ತದ, ಎದಿಗಿ ಏನ್ ಮಾಡ್ತದ?"

ಎದೆಗೆ ಮಾಡುತ್ತದೆ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ತಂಬಾಕು ಬರೀ ಅಗಿಯುವವರಿಗೂ ಹೃದಯಾಘಾತದ ಸಂಭವ, ಮುಟ್ಟದವರಿಗಿಂತ ಎರಡು ಪಟ್ಟು ಮೀರಿ ಕಂಡಿತು. ಕಾರಣ ಅಂಗೈಯಲ್ಲೇ ಇದೆ. ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕುತ್ತೇವಲ್ಲ, ಆ ಸುಣ್ಣ ನಿಕೋಟಿನ್ನನ್ನು ಬಾಯಿಯ ಚರ್ಮ ಬೇಗ ಹೀರುವ ರೂಪಕ್ಕೆ ತರುತ್ತದೆ. 'ಕಿಕ್ಕು' ಎಂದು ಜನ ಹೇಳುವುದು ಇದನ್ನೇ; ಅದರ ಜೊತೆಗೆ ನಾಡಿ ಏರುತ್ತದೆ, ಬಿಪಿ ಏರುತ್ತದೆ. ಅಡಿಕೆ ಸೇರಿದರೆ ಇನ್ನೊಂದು ಮಜಕೂರು: ಅಡಿಕೆಯ ಒಗರಿನ ಅಂಶ, ಯಾವುದನ್ನು ಬೇರೆ ಕಡೆ ಆ್ಯಂಟಿ ಆಕ್ಸಿಡೆಂಟ್ ಎಂದು ಹೊಗಳುತ್ತೇವೋ ಅದೇ ಪಾಲಿಫಿನಾಲ್ ಜಾತಿಯದು, ಸುಣ್ಣದ ಕ್ಷಾರದಲ್ಲಿ ತಾನೇ ಉತ್ಕರ್ಷಣೆಗೊಂಡು ಸೂಪರಾಕ್ಸೈಡ್ ಹುಟ್ಟಿಸುತ್ತದೆ. ಒಂದೇ ವಸ್ತು ಒಂದು ಕಡೆ ಕಾವಲುಗಾರ, ಇನ್ನೊಂದು ಕಡೆ ಕಳ್ಳ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ರಾಜ್ಯದಲ್ಲಿ ಗುಟಕಾ 2013ರಿಂದ ನಿಷೇಧವಾಗಿದೆ. ಆದ್ದರಿಂದ ಪಾನ್ ಮಸಾಲೆಯ ಚೀಟು ಬೇರೆ, ತಂಬಾಕಿನ ಚೀಟು ಬೇರೆ ಕೊಂಡು ಬಾಯಲ್ಲಿ ಕೂಡಿಸುತ್ತೇವೆ. ಕಾಯ್ದೆಗೂ ಚಟಕ್ಕೂ ನಡುವಿನ ಜಾಣತನದಲ್ಲಿ ನಮ್ಮನ್ನು ಮೀರಿಸುವವರಿಲ್ಲ.

ಬಿಪಿ ಮತ್ತು ಸಕ್ಕರೆ ಕಾಯಿಲೆ ಎರಡನ್ನೂ ಒಟ್ಟಿಗೆ ಹೇಳಿಬಿಡುತ್ತೇನೆ. ಬಿಪಿ ಏರಿಸುವ ಆಂಜಿಯೋಟೆನ್ಸಿನ್ ಎಂಬ ಹಾರ್ಮೋನು ನಾಳದ ಗೋಡೆಯಲ್ಲಿ ಸೂಪರಾಕ್ಸೈಡ್ ತಯಾರಿಸುವ ಕಿಣ್ವವನ್ನೂ ಎಬ್ಬಿಸುತ್ತದೆ. ರಕ್ತದಲ್ಲಿ ಸಕ್ಕರೆ ಏರಿದಾಗ ಮೈಟೊಕಾಂಡ್ರಿಯಾದ ಸೋರಿಕೆ ಹೆಚ್ಚುತ್ತದೆ. ಸಕ್ಕರೆ ಪ್ರೋಟೀನುಗಳಿಗೆ ಅಂಟಿ ನಾಳವನ್ನು ಪೆಡಸಾಗಿಸುತ್ತದೆ. ಸಕ್ಕರೆ ಕಾಯಿಲೆಯವರಿಗೆ ಹೃದ್ರೋಗ ಬೇಗ ಬರುವುದಕ್ಕಿರುವ ಕಾರಣಗಳಲ್ಲಿ ಇದೂ ಒಂದು. ಮುಧೋಳ, ಮಹಾಲಿಂಗಪುರದ ಬೆಲ್ಲದ ನಾಡಿನಲ್ಲಿ ಹುಟ್ಟಿದವರಿಗೆ ಒಂದು ಮಾತು ರುಚಿಸಲಿಕ್ಕಿಲ್ಲ: ಬೆಲ್ಲದಲ್ಲಿ ಒಂದಿಷ್ಟು ಕಬ್ಬಿಣ, ಒಂದಿಷ್ಟು ಖನಿಜ ಇರುವುದು ಖರೆ, ಉಳಿದದ್ದು ಬಹುಪಾಲು ಸಕ್ಕರೆಯೇ. "ಶುಗರ್ ಇದ್ದವ್ರಿಗಿ ಬೆಲ್ಲ ನಡೀತದ" ಎಂದು ಅಮೀನಗಡದ ಕರದಂಟನ್ನು ಕೈಗಿಡುವ ಬೀಗರ ಪ್ರೀತಿಗೆ ನಾಳ ಸೋಲುವುದಿಲ್ಲ.

ಹೊಗೆಯ ಬಗ್ಗೆ ಗಂಡಸರು ಮಾತಾಡುವುದು ಕಡಿಮೆ. ಜೀವಮಾನದಲ್ಲಿ ಬೀಡಿ ಮುಟ್ಟದ ಹೆಣ್ಣುಮಗಳು ದಿನಕ್ಕೆ ಎರಡು ಹೊತ್ತು ಕಟ್ಟಿಗೆ ಒಲೆಯ ಮುಂದೆ ಕೂತು ರೊಟ್ಟಿ ಬಡಿದರೆ ಅವಳ ಪುಪ್ಪುಸಕ್ಕೆ ಹೋಗುವ ಸೂಕ್ಷ್ಮ ಕಣಗಳಲ್ಲೂ ಇದೇ ಕಿಡಿ. ಅತಿ ಸಣ್ಣ ಕಣಗಳು ಪುಪ್ಪುಸದಲ್ಲಿ ಉರಿಯೂತ ಎಬ್ಬಿಸುತ್ತವೆ, ಅದು ರಕ್ತಕ್ಕೂ ಹಬ್ಬುತ್ತದೆ. ಗ್ಯಾಸ್ ಸಿಲಿಂಡರ್ ಮನೆಗೆ ಬಂದಿದ್ದರೂ 'ಒಲಿ ಮ್ಯಾಲಿನ ರೊಟ್ಟಿ ರುಚೀನ ಬ್ಯಾರೆ' ಎಂದು ಉಂಡು ಏಳುವವರು ಒಮ್ಮೆ ಆ ಒಲೆಯ ಮುಂದೆ ಅರ್ಧ ತಾಸು ಕೂತು ನೋಡಬೇಕು.

ಇನ್ನು ಮಿರ್ಚಿ ಭಜಿ. ಸಂಜೆ ಗಿರಮಿಟ್ಟಿನ ಜೊತೆ ಎರಡು ಮಿರ್ಚಿ ಇಲ್ಲದೆ ನಮ್ಮಲ್ಲಿ ಹೊತ್ತು ಮುಳುಗುವುದಿಲ್ಲ, ನನಗೂ ಅಷ್ಟೇ. ದೂರು ಮಿರ್ಚಿಯ ಮೇಲಲ್ಲ, ಬಾಣಲೆಯ ಮೇಲೆ. ಬೆಳಗಿನ ಎಣ್ಣೆಗೆ ಸಂಜೆ ಮತ್ತಷ್ಟು ಸುರಿದು, ಮರುದಿನ ಅದಕ್ಕೇ ಇನ್ನಷ್ಟು ಸುರಿದು ಕಾಯಿಸಿದಾಗ ಹೊರಗೇ ಕಮಟುವ ಕ್ರಿಯೆ ಎಷ್ಟೋ ಪಟ್ಟು ವೇಗದಲ್ಲಿ ನಡೆದಿರುತ್ತದೆ. ಎಣ್ಣೆ ಕಪ್ಪಾಗುತ್ತದೆ, ದಪ್ಪವಾಗುತ್ತದೆ, ನೊರೆ ಕಟ್ಟುತ್ತದೆ, ಕಡಿಮೆ ಕಾವಿಗೇ ಹೊಗೆಯಾಡುತ್ತದೆ. ಕೆಟ್ಟ ಎಣ್ಣೆಯ ಅಂಶವಾದ ಪೋಲಾರ್ ಸಂಯುಕ್ತಗಳು ಶೇ 25 ಮೀರಿದರೆ ಆ ಎಣ್ಣೆ ಬಳಸುವಂತಿಲ್ಲ ಎಂಬ ನಿಯಮವನ್ನು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈನಿಂದ ಜಾರಿಗೆ ತಂದಿದೆ. ಅಳೆಯುವ ಯಂತ್ರ ಹಿಡಿದು ಬಾಣಲೆಯ ಮುಂದೆ ನಿಂತವರನ್ನು ನಾನು ನಮ್ಮೂರಲ್ಲಿ ಕಂಡಿಲ್ಲ. ಸ್ಪೇನಿನಲ್ಲಿ ಮನೆಗಳ ಅಡುಗೆಮನೆಯಿಂದಲೇ ಕರಿದ ಎಣ್ಣೆಯ ಮಾದರಿ ತೆಗೆದು ನೋಡಿದ ಒಂದು ಅಧ್ಯಯನದಲ್ಲಿ, ಎಣ್ಣೆ ಹೆಚ್ಚು ಕೆಟ್ಟಿದ್ದಲ್ಲಿ ಬಿಪಿ ಹೆಚ್ಚು ಕಂಡಿತ್ತು. ಒಂದು ಅಧ್ಯಯನದಿಂದ ತೀರ್ಪು ಹೇಳಲಾಗದು, ಆದರೂ ಬಾಣಲೆಯ ಬಣ್ಣ ನೋಡಿ ಮುಂದಿನ ಅಂಗಡಿಗೆ ಹೋಗಲು ಅಷ್ಟು ಸಾಕು.

ಇಲ್ಲಿ ಕುಸುಬಿ ಎಣ್ಣೆಯ ಮಾತು ಬರುತ್ತದೆ. ಬಿಳಿಜೋಳದ ಹೊಲದ ಅಂಚಿಗೆ ದನ ನುಗ್ಗದಿರಲೆಂದು ಮುಳ್ಳಿನ ಕುಸುಬಿ ಬಿತ್ತಿ, ಅದರ ಎಣ್ಣೆಯನ್ನು ಗಾಣದಲ್ಲಿ ತೆಗೆಸುತ್ತಿದ್ದ ಕಾಲವಿತ್ತು. 'ಹೃದಯಕ್ಕೆ ಒಳ್ಳೆಯದು' ಎಂದು ಅದೀಗ ಮತ್ತೆ ದುಬಾರಿ ಬಾಟಲಿಗಳಲ್ಲಿ ಬರುತ್ತಿದೆ. ಕುಸುಬಿಯ ಮುಕ್ಕಾಲು ಪಾಲು ಲಿನೋಲಿಕ್ ಆಮ್ಲ. ಎಲ್‌ಡಿಎಲ್ ಇಳಿಸಲು ಅದು ಒಳ್ಳೆಯದೇ, ಕಾಯಿಸಿದರೆ ಬೇಗ ಒಡೆಯುವುದೂ ಅದೇ. ಹಿಂದಿನವರು ಹಿಂಡಿಯ ಮೇಲೆ ಹಸಿ ಎಣ್ಣೆ ಹಾಕಿಕೊಂಡು ರೊಟ್ಟಿ ತಿಂದದ್ದು ರಸಾಯನಶಾಸ್ತ್ರಕ್ಕೆ ಹೊಂದುತ್ತದೆ. ಅದೇ ಎಣ್ಣೆಯಲ್ಲಿ ಪುರಿ ಕರಿಯುವುದು ಹೊಂದುವುದಿಲ್ಲ.

ಈಗ ಬಾಟಲಿಗೆ ಬರೋಣ. ಕಿಡಿಯಿಂದ ನಾಳ ಕೆಡುತ್ತದೆ ಎಂದಾದರೆ, ಕಿಡಿ ಆರಿಸುವ ವಿಟಮಿನ್ ಕೊಟ್ಟರೆ ನಾಳ ಉಳಿಯಬೇಕಲ್ಲ? ಈ ಪ್ರಶ್ನೆಯನ್ನು ವಿಜ್ಞಾನಿಗಳು ಕೇಳದೆ ಬಿಟ್ಟಿಲ್ಲ, ಸಾವಿರಾರು ಜನರ ಮೇಲೆ ವರ್ಷಗಟ್ಟಲೆ ಪರೀಕ್ಷಿಸಿ ನೋಡಿದ್ದಾರೆ. ಫಿನ್ಲೆಂಡಿನಲ್ಲಿ ಧೂಮಪಾನಿಗಳಾದ 29,000 ಗಂಡಸರಿಗೆ ವಿಟಮಿನ್ 'ಇ' ಮತ್ತು ಬೀಟಾ ಕೆರೋಟಿನ್ ಕೊಟ್ಟ ಪ್ರಯೋಗದ ಫಲಿತಾಂಶ 1994ರಲ್ಲಿ ಬಂತು: ಬೀಟಾ ಕೆರೋಟಿನ್ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿತ್ತು. 1996ರಲ್ಲಿ ಕೇಂಬ್ರಿಜಿನ ಸಣ್ಣ ಪ್ರಯೋಗವೊಂದು ವಿಟಮಿನ್ 'ಇ' ಪರವಾಗಿ ಆಸೆ ಹುಟ್ಟಿಸಿತು. 2000ದಲ್ಲಿ ಹೋಪ್ ಎಂಬ ಪ್ರಯೋಗ, 9,500ಕ್ಕೂ ಹೆಚ್ಚು ಜನರ ಮೇಲೆ ನಡೆದದ್ದು, ಆ ಆಸೆಗೆ ನೀರು ಸುರಿಯಿತು. ಅವರನ್ನೇ ಇನ್ನಷ್ಟು ವರ್ಷ ಹಿಂಬಾಲಿಸಿದಾಗ ವಿಟಮಿನ್ ತಿಂದವರಲ್ಲಿ ಹೃದಯ ಸೋಲುವುದು ಸ್ವಲ್ಪ ಹೆಚ್ಚೇ ಕಂಡಿತು. 2008ರಲ್ಲಿ 14,000ಕ್ಕೂ ಹೆಚ್ಚು ಅಮೆರಿಕನ್ ವೈದ್ಯರು ತಾವೇ ವಿಟಮಿನ್ 'ಇ', 'ಸಿ' ನುಂಗಿ ನೋಡಿದರು. ಹೃದಯಕ್ಕೆ ಲಾಭ ಶೂನ್ಯ.

ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ನಾಟಿದ ಪ್ರಯೋಗ ಬ್ರಿಟನ್ನಿನದು, 2002ರ ಹಾರ್ಟ್ ಪ್ರೊಟೆಕ್ಷನ್ ಸ್ಟಡಿ. 20,536 ಜನ. ಅದೇ ಜನರನ್ನು ಎರಡು ರೀತಿ ಹಂಚಿದ್ದರು: ಒಂದು ಹಂಚಿಕೆಯಲ್ಲಿ ಅರ್ಧ ಜನಕ್ಕೆ ವಿಟಮಿನ್ 'ಇ', 'ಸಿ', ಬೀಟಾ ಕೆರೋಟಿನ್ ಕೂಡಿದ ಗುಳಿಗೆ, ಇನ್ನೊಂದರಲ್ಲಿ ಅರ್ಧ ಜನಕ್ಕೆ ಎಲ್‌ಡಿಎಲ್ ಇಳಿಸುವ ಸಿಮ್ವಾಸ್ಟಾಟಿನ್. ಐದು ವರ್ಷದ ಕೊನೆಗೆ ವಿಟಮಿನ್ ತಿಂದವರಿಗೂ ತಿನ್ನದವರಿಗೂ ಏನೂ ವ್ಯತ್ಯಾಸವಿಲ್ಲ. ಸ್ಟಾಟಿನ್ ತಿಂದವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ಘಟನೆಗಳು ಕಾಲುಭಾಗದಷ್ಟು ಕಡಿಮೆ. ಅದೇ ಜನ, ಅದೇ ಐದು ವರ್ಷ.

ಹಾಗಾದರೆ ಸಿದ್ಧಾಂತ ಸುಳ್ಳೇ? ಅಲ್ಲ, ಗುಳಿಗೆಯ ತರ್ಕ ಸುಳ್ಳು. ತಿಕೋಟಾ ಕಡೆಯ ದ್ರಾಕ್ಷಿ ಶೆಡ್ಡುಗಳನ್ನು ನೋಡಿದವರಿಗೆ ಇದನ್ನು ಹೇಳುವುದು ಸುಲಭ. ಒಣದ್ರಾಕ್ಷಿ ಕಪ್ಪಾಗದೆ ಬಂಗಾರದ ಬಣ್ಣ ಉಳಿಯಲಿ ಎಂದು ಗಂಧಕದ ಹೊಗೆ ಕೊಡುತ್ತಾರೆ. ಅದು ಉತ್ಕರ್ಷಣೆಯನ್ನು ತಡೆಯುತ್ತದೆ. ದ್ರಾಕ್ಷಿ ಸತ್ತ ಹಣ್ಣು, ಹೊಗೆ ತಗುಲಿದಷ್ಟೂ ಲಾಭ. ನಾಳ ಜೀವಂತ. ನುಂಗಿದ ವಿಟಮಿನ್ ರಕ್ತದಲ್ಲಿ ತೇಲುತ್ತದೆ, ಕಮಟು ನಡೆಯುವುದು ಗೋಡೆಯ ಸಂದಿಯಲ್ಲಿ. ಪ್ರಯೋಗಕ್ಕೆ ಬಂದವರ ಪ್ಲಾಕ್ ಆಗಲೇ ಹಳೆಯದು. ಸುಟ್ಟ ರವದಿಗೆ ನೀರು ಚಿಮುಕಿಸಿದಂತೆ. ಇಲೆಕ್ಟ್ರಾನ್ ಕೊಟ್ಟ ವಿಟಮಿನ್ 'ಇ' ಸ್ವತಃ ರ‍್ಯಾಡಿಕಲ್ ಆಗುತ್ತದೆ, ಮತ್ತೆ ಎಬ್ಬಿಸುವವರು ಇಲ್ಲದಿದ್ದರೆ ಅದೂ ಕಳ್ಳರ ಗುಂಪಿಗೇ. ಸುಣ್ಣದಲ್ಲಿ ಅಡಿಕೆ ಮಾಡಿದ್ದು ನೆನಪಿದೆಯಲ್ಲ?

ಇನ್ನೂ ಒಂದಿದೆ. ಈ ಕಿಡಿಗಳು ಪೂರ್ತಿ ಶತ್ರುಗಳಲ್ಲ. ಬಿಳಿ ರಕ್ತಕಣಗಳು ರೋಗಾಣುಗಳನ್ನು ಸುಡುವುದು ಸೂಪರಾಕ್ಸೈಡಿನಿಂದಲೇ. ಅದನ್ನು ತಯಾರಿಸುವ ಕಿಣ್ವದ ದೋಷದೊಂದಿಗೆ ಹುಟ್ಟಿದ ಮಕ್ಕಳಿಗೆ ಸೋಂಕಿನ ಮೇಲೆ ಸೋಂಕು. ಗರಡಿ ಮನೆಯಲ್ಲಿ ಸಾಮು ಮಾಡುವವನ ಮೈಯಲ್ಲಿ ಆ ಹೊತ್ತಿಗೆ ಕಿಡಿಗಳು ಹೆಚ್ಚೇ ಹುಟ್ಟುತ್ತವೆ. ಆ ಸಣ್ಣ ಏಟಿನಿಂದಲೇ ಕೋಶಗಳು ಎಚ್ಚೆತ್ತು ತಮ್ಮ ಎಸ್‌ಒಡಿ, ಗ್ಲೂಟಥಯೋನ್ ಹೆಚ್ಚಿಸಿಕೊಳ್ಳುತ್ತವೆ. 2009ರಲ್ಲಿ ಜರ್ಮನಿಯಲ್ಲಿ ಯುವಕರಿಗೆ ವ್ಯಾಯಾಮ ಮಾಡಿಸಿ, ಕೆಲವರಿಗೆ ಜೊತೆಗೆ ವಿಟಮಿನ್ 'ಸಿ' ಮತ್ತು 'ಇ' ಕೊಟ್ಟರು. ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡತೊಡಗಿದ್ದು ವಿಟಮಿನ್ ತಿನ್ನದವರಲ್ಲಿ. ತಿಂದವರಿಗೆ ಬೆವರು ಸುರಿಸಿದ ಲಾಭ ಸಿಗಲಿಲ್ಲ.

ಇದೇ ಸಿದ್ಧಾಂತದಿಂದ ಇನ್ನೊಂದು ಅಪಾಯಕಾರಿ ಮಾತೂ ಹುಟ್ಟಿದೆ, ಮೊಬೈಲಿನಲ್ಲಿ ಬರುತ್ತದೆ: "ಕೊಲೆಸ್ಟ್ರಾಲ್ ಕಾರಣ ಅಲ್ಲವೇ ಅಲ್ಲ, ಆಕ್ಸಿಡೇಶನ್ ಕಾರಣ, ಸ್ಟಾಟಿನ್ ಬಿಡಿ." ಕಮಟಲು ಕೊಬ್ಬು ಬೇಕು. ಗೋಡೆಗೆ ಹೋಗುವ ಎಲ್‌ಡಿಎಲ್ ಕಡಿಮೆಯಾದರೆ ಕಮಟುವ ಸರಕೇ ಕಡಿಮೆ. ಉತ್ಕರ್ಷಣೆಯ ಪಾತ್ರ ಎಷ್ಟು, ಬರೀ ಸಿಕ್ಕಿಕೊಳ್ಳುವುದರ ಪಾತ್ರ ಎಷ್ಟು ಎಂಬ ವಾದ ತಜ್ಞರಲ್ಲಿ ಇನ್ನೂ ಇದೆ. ಎಲ್‌ಡಿಎಲ್ ಇಳಿಸಿದರೆ ಹೃದಯಾಘಾತ ಇಳಿಯುತ್ತದೆ ಎಂಬುದರಲ್ಲಿ ವಾದವಿಲ್ಲ. ರಕ್ತ ಪರೀಕ್ಷೆಯ ಪ್ಯಾಕೇಜಿನಲ್ಲಿ 'ಆಕ್ಸಿಡೇಟಿವ್ ಸ್ಟ್ರೆಸ್' ಅಳೆದುಕೊಡುತ್ತೇವೆ ಎನ್ನುವವರಿಗೂ ದುಡ್ಡು ಕೊಡಬೇಕಿಲ್ಲ. ಅದರ ಅಂಕಿ ಹಿಡಿದು ಚಿಕಿತ್ಸೆ ಬದಲಿಸುವ ಪದ್ಧತಿ ಇಲ್ಲ. ಬಿಪಿ, ಸಕ್ಕರೆ, ಎಲ್‌ಡಿಎಲ್, ಈ ಮೂರು ಸಾಕು.

ಊಟದ ಬಗ್ಗೆ ನಮ್ಮವರಿಗೆ ಅಭಿಮಾನ ಜಾಸ್ತಿ, ನನಗೂ ಇದೆ, ಅದಕ್ಕೇ ಸ್ವಲ್ಪ ಹಿಡಿದು ಮಾತಾಡಬೇಕು. ಬಿಳಿಜೋಳದ ರೊಟ್ಟಿ ನಾರಿಗೆ ಒಳ್ಳೆಯದು. ಆ್ಯಂಟಿ ಆಕ್ಸಿಡೆಂಟಿನ ಲೆಕ್ಕದಲ್ಲಿ ಬಣ್ಣದ ಜೋಳಗಳೇ ಮುಂದೆ. ದ್ರಾಕ್ಷಿಯಲ್ಲಿರುವ ರೆಸ್ವೆರಟ್ರಾಲ್ ಬಗ್ಗೆ ಬಹಳ ಸದ್ದಾಯಿತು, ಅದು ಹೆಚ್ಚಿರುವುದು ಕೆಂಪು ದ್ರಾಕ್ಷಿಯ ಸಿಪ್ಪೆಯಲ್ಲಿ, ನಮ್ಮ ಹಸಿರು ಥಾಮ್ಸನ್ ತಳಿಯಲ್ಲಲ್ಲ. ಭೌಗೋಳಿಕ ಮಾನ್ಯತೆ ಪಡೆದ ಇಂಡಿ ಲಿಂಬೆಯಲ್ಲಿ ವಿಟಮಿನ್ 'ಸಿ' ಇದೆ, ಹಿಂಡಿಕೊಳ್ಳಿ, ಅದು ಔಷಧವೆಂದಲ್ಲ. ಒಂದೊಂದು ಪದಾರ್ಥಕ್ಕೂ ಪವಾಡ ಅಂಟಿಸುವುದು ಬಿಟ್ಟು ತಾಟು ನೋಡಿದರೆ ಚಿತ್ರ ಬೇರೆ: ಪುಂಡಿ ಪಲ್ಯ, ಹಸಿ ಮೆಂತೆ, ಉಳ್ಳಾಗಡ್ಡಿ, ಸವತಿಕಾಯಿ, ಕಾಳಿನ ಉಸುಳಿ, ಒಂದು ಹಿಡಿ ಶೇಂಗಾ. ಬೀಜ, ಕಾಳು, ತರಕಾರಿ ಹೆಚ್ಚಿರುವ ಊಟದ ಕ್ರಮ ಹೃದಯಕ್ಕೆ ಒಳ್ಳೆಯದೆಂಬುದಕ್ಕೆ ಆಧಾರ ಗಟ್ಟಿ. ಗುಳಿಗೆ ಸೋತಲ್ಲಿ ತಾಟು ಯಾಕೆ ಗೆದ್ದಿತು ಎಂದರೆ, ತಾಟಿನಲ್ಲಿ ಪೊಟ್ಯಾಶಿಯಂ, ನಾರು, ಒಳ್ಳೆಯ ಕೊಬ್ಬು ಎಲ್ಲ ಇವೆ, ಜೊತೆಗೆ ತಾಟು ತುಂಬಿದಷ್ಟೂ ಮಿರ್ಚಿಗೆ ಜಾಗ ಕಡಿಮೆ. ರಂಜಕ ಮತ್ತು ಉಪ್ಪಿನಕಾಯಿ ಮಾತ್ರ ಬಿಪಿಯವರು ಬೆರಳ ತುದಿಗೆ ಇಳಿಸಬೇಕು.

ಎದೆನೋವು ಬಂದ ಹೊತ್ತಿಗೆ ಈ ಯಾವ ಲೆಕ್ಕವೂ ಬೇಡ. ಆಗ ಬೇಕಾದದ್ದು ನಾಳ ಬೇಗ ತೆರೆಯುವುದು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಗಳಲ್ಲೇ ಉಚಿತವಾಗಿ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ಸಿಂದಗಿಯವರು ಸೋಲಾಪುರಕ್ಕೋ ಕಲಬುರಗಿಯ ಜಯದೇವಕ್ಕೋ ಮುಟ್ಟುವವರೆಗೆ ಜೀವ ಹಿಡಿದು ಕೂರಬೇಕಿಲ್ಲ. ಒಂದು ವಿಚಿತ್ರ ಹೇಳಿ ಮುಂದೆ ಹೋಗುತ್ತೇನೆ: ಮುಚ್ಚಿದ ನಾಳ ತೆರೆದೊಡನೆ ಹಸಿದ ಸ್ನಾಯುವಿಗೆ ಒಮ್ಮೆಲೇ ನುಗ್ಗುವ ಆಮ್ಲಜನಕದಿಂದಲೂ ಕಿಡಿಗಳ ಸ್ಫೋಟವಾಗುತ್ತದೆ. ಎದೆನೋವು ಬಂದವರಿಗೆಲ್ಲ ಆಮ್ಲಜನಕದ ಮಾಸ್ಕ್ ಹಾಕುವುದು ಹಳೆಯ ರೂಢಿ. 2017ರಲ್ಲಿ ಸ್ವೀಡನ್ನಿನಲ್ಲಿ 6,600ಕ್ಕೂ ಹೆಚ್ಚು ರೋಗಿಗಳನ್ನು ನೋಡಿದಾಗ, ರಕ್ತದಲ್ಲಿ ಆಮ್ಲಜನಕ ಸಾಕಷ್ಟಿದ್ದವರಿಗೆ ಅದರಿಂದ ಲಾಭವಾಗಲಿಲ್ಲ.

ಕಾಕಾನಿಗೆ ಇಷ್ಟೆಲ್ಲ ಹೇಳಲಿಲ್ಲ. ಸ್ಟಾಟಿನ್ ಪ್ರಯೋಗದ ಕಥೆ ಹೇಳಿದೆ, ಅವರ ಡಾಕ್ಟರ ಚೀಟಿ ತರಿಸಿದೆ. ನಾಲ್ಕು ಗುಳಿಗೆ ಬರೆದಿದ್ದರು, ಅದರಲ್ಲಿ ಸ್ಟಾಟಿನ್ನೂ ಒಂದು. "ಇದು ದಿನಾ ತಗೋತೀರಿಲ್ರಿ ಕಾಕಾ?" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ದಿನಾ ಅಲ್ರಿ ಸರ. ಈ ಬಾಟ್ಲಿ ಶುರು ಮಾಡಿದ ಮ್ಯಾಲ ದಿನ ಬಿಟ್ಟು ದಿನ. ಎರಡೂ ರೊಕ್ಕ ಹೊಂದೂದಿಲ್ಲ."

ಬಾಟಲಿಯ ದುಡ್ಡಿನಲ್ಲಿ ಚೀಟಿಯಲ್ಲಿದ್ದ ನಾಲ್ಕೂ ಗುಳಿಗೆಗಳು ತಿಂಗಳಿಗೆ ಬರುತ್ತವೆ ಎಂದು ಲೆಕ್ಕ ಮಾಡಿ ತೋರಿಸಿದೆ. ತಂಬಾಕು ಬಿಡಲು ನೆರವಾಗುವ 1800-112-356 ಎಂಬ ಉಚಿತ ಸರ್ಕಾರಿ ಸಹಾಯವಾಣಿಯನ್ನು ಚೀಟಿಯ ಹಿಂದೆ ಬರೆದುಕೊಟ್ಟೆ, ಕನ್ನಡದಲ್ಲೇ ಮಾತಾಡುತ್ತಾರೆ ಎಂದೂ ಹೇಳಿದೆ. ಮರುವಾರ ಸಿಕ್ಕಾಗ ಸ್ಟಾಟಿನ್ ದಿನಾ ತಗೊಳ್ಳಲು ಶುರು ಮಾಡಿದ್ದರು, ಬಾಟಲಿ ಅಂಗಡಿಯವ ವಾಪಸ್ ತಗೊಳ್ಳಲಿಲ್ಲವೆಂದು ಬೈದರು. ಫೋನ್ ಮಾಡಿದಿರಾ ಎಂದು ಕೇಳಿದ್ದಕ್ಕೆ, "ಹಬ್ಬ ಮುಗೀಲ್ರಿ" ಎಂದು ತಂಬಾಕಿನ ಚಂಚಿಯನ್ನು ಕಿಸೆಯೊಳಗೆ ಇನ್ನಷ್ಟು ಆಳಕ್ಕೆ ತಳ್ಳಿಕೊಂಡರು.